ಬಂಡಿದಾರಿಯ ಮುತ್ತಿಗೆ

ಗುಂಡ್ಲುಪೇಟೆ ಕೋರ್ಟಿನ ವಕೀಲರ ಕೊಠಡಿಯಲ್ಲಿ ಬಹಳ ವರ್ಷ ಯಾರೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಮಂತ್ರಿಗಳು ಬಂದರು, ಜಾಗ ಬಿಡ್ರಪ್ಪ’ ಎನ್ನುತ್ತಿದ್ದರು. ತಪ್ಪು ನನ್ನದೇ. ಕಾನೂನು ಓದುವ ಮೊದಲು ನಾನು ಮೈಸೂರಿನಲ್ಲಿ ಹಳೆಯ ಕಾಲದ ರಾಜನೀತಿಯ ಮೇಲೆ ಎಂ.ಎ. ಮಾಡಿದ್ದೆ. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ನನಗೆ ಬರುತ್ತಿರಲಿಲ್ಲ. ಕೋಳಿ ಕದ್ದ ಕೇಸಿನಲ್ಲೂ, ಗಂಡ ಹೆಂಡಿರ ಕೇಸಿನಲ್ಲೂ, ‘ಎರಡು ಸಾವಿರ ವರ್ಷದ ಹಿಂದೆ ಇದಕ್ಕೆ ಏನು ಹೇಳಿದ್ದರು ಅಂದರೆ’ ಎಂದು ಶುರುಮಾಡಿಬಿಡುತ್ತಿದ್ದೆ. ಒಮ್ಮೆ ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಮೇಡಂ, ನಾವು ಕೂತಿರುವುದು ಗುಂಡ್ಲುಪೇಟೆಯಲ್ಲಿ, ರಾಜರ ಆಸ್ಥಾನದಲ್ಲಿ ಅಲ್ಲ. ಸೆಕ್ಷನ್ ಯಾವುದು ಹೇಳಿ’ ಎಂದರು. ಕೋರ್ಟ್ ಹಾಲ್ ಪೂರ್ತಿ ನಕ್ಕಿತು. ಕಟಕಟೆಯಲ್ಲಿದ್ದ ಕೋಳಿ ಕಳ್ಳನೂ ನಕ್ಕ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಂಜೆ ಚಾಮರಾಜನಗರದ ನಮ್ಮ ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ತೆರಕಣಾಂಬಿ ದಾಟುವವರೆಗೂ ಕಿಟಕಿಯ ಸರಳು ಹಿಡಿದುಕೊಂಡು ಒಳಗೊಳಗೇ ವಾದ ಮಾಡುತ್ತಿದ್ದೆ. ರಾಜನೀತಿ ಎಂದರೆ ಜನರಿಗೆ ಕತ್ತಿ, ಕಿರೀಟ, ವಿಷಕನ್ಯೆ. ನಾನು ಓದಿದ್ದು ಅದಲ್ಲ. ತೂಕದ ಕಲ್ಲನ್ನು ಯಾರು ಪರೀಕ್ಷೆ ಮಾಡಬೇಕು, ಒಬ್ಬರ ಮನೆಯ ಬಚ್ಚಲು ನೀರು ಇನ್ನೊಬ್ಬರ ಗೋಡೆಗೆ ಹೋದರೆ ಏನು ದಂಡ, ಹೊಲಕ್ಕೆ ಹೋಗುವ ದಾರಿಯನ್ನು ಉತ್ತವನಿಗೆ ಏನು ಶಿಕ್ಷೆ, ಇಂಥವೇ. ಎಲ್ಲವೂ ನಮ್ಮ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಜನರ ಕಷ್ಟಗಳೇ. ಅದನ್ನು ಈ ಜನಕ್ಕೆ ಹೇಗೆ ಹೇಳುವುದು ಎಂದು ತಿಳಿಯದೆ ಮನೆಗೆ ಹೋಗಿ ಅವ್ವನ ಮೇಲೆ ರೇಗಿದೆ.

ಆ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದದ್ದು ಅದಾದ ಕೆಲವು ತಿಂಗಳಿಗೆ. ಭೀಮನಬೀಡಿನ ಕಡೆಯ ಒಂದು ಸಣ್ಣ ಊರಿನವರು, ಐವತ್ತರ ಹತ್ತಿರದ ವಯಸ್ಸು, ಕಟ್ಟುಮಸ್ತಾದ ತೋಳು. ಗಂಡ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಎರಡೂವರೆ ಎಕರೆ ಹೊಲವನ್ನು ನೋಡಿಕೊಳ್ಳುವವರು ಈಕೆಯೇ. ಓಣಂ ಹಬ್ಬಕ್ಕೆ ಕೇರಳಕ್ಕೆ ಹೋಗುವ ಚೆಂಡುಹೂವು, ಆಮೇಲೆ ಸಣ್ಣ ಈರುಳ್ಳಿ. ವಕೀಲರ ಕೊಠಡಿಯ ಬಾಗಿಲಲ್ಲಿ ನಿಂತು, ಒಳಗಿದ್ದ ಹದಿನೈದು ಕರಿ ಕೋಟುಗಳನ್ನು ಒಮ್ಮೆ ನೋಡಿ, ನೇರವಾಗಿ ನನ್ನ ಮೇಜಿಗೆ ಬಂದರು.

‘ಲಾಯ್ರಮ್ಮ, ನಂಗೊಂದು ದಾರಿ ಬೇಕು. ಬ್ಯಾರೆ ಏನೂ ಬ್ಯಾಡ’ ಎಂದರು.

ಅವರ ಹೊಲಕ್ಕೂ ಡಾಂಬರು ರಸ್ತೆಗೂ ನಡುವೆ ಎರಡು ಫರ್ಲಾಂಗಿನ ಬಂಡಿದಾರಿ ಇತ್ತು. ಅತ್ತೆಯ ಕಾಲದಿಂದ ಎತ್ತಿನ ಗಾಡಿ, ಆಮೇಲೆ ಟ್ರಾಕ್ಟರ್, ಆಮೇಲೆ ಟೆಂಪೋ ಅದರಲ್ಲೇ ಓಡಾಡಿದ್ದವು. ದಾರಿಯ ಪಕ್ಕದ ಜಮೀನು ಗಂಡನ ದೊಡ್ಡಪ್ಪನ ಮಗನದು, ಅಂದರೆ ವರಸೆಯಲ್ಲಿ ಇವರಿಗೆ ಮೈದುನ. ದಾರಿಯ ಈಚೆಗೆ ರಸ್ತೆಯವರೆಗೂ ಚಾಚಿದ್ದು ಇವರದೇ ಹೊಲದ ಒಂದು ಸಣ್ಣ ಪಟ್ಟಿ, ಆದರೆ ಅದು ಹಳ್ಳದ ಕಡೆಯ ಇಳಿಜಾರು, ಅದರಲ್ಲಿ ಗಾಡಿ ಹೋಗದು. ಎರಡು ವರ್ಷದ ಹಿಂದೆ ಅವನು ದಾರಿಯನ್ನು ಉತ್ತು ಬಾಳೆ ಹಾಕಿ, ತಂತಿ ಬೇಲಿ ಎಳೆದುಬಿಟ್ಟಿದ್ದ. ಚೆಂಡುಹೂವು ಕಿತ್ತ ದಿನವೇ ಸಾಗಬೇಕು. ಈಕೆ ಮತ್ತು ಕೂಲಿಗೆ ಬರುವ ಹೆಂಗಸರು ಮೂಟೆಗಳನ್ನು ತಲೆಯ ಮೇಲೆ ಹೊತ್ತು, ಒಂದು ಅಡಿ ಅಗಲದ ಬದುವಿನ ಮೇಲೆ ನಡೆದು, ರಸ್ತೆಗೆ ತಂದು ಹಾಕುತ್ತಿದ್ದರು. ಮಳೆ ಬಂದ ದಿನ ಕೂಲಿಯವರು ಬರುತ್ತಿರಲಿಲ್ಲ.

‘ಮಾತಾಡಿ ನೋಡಲಿಲ್ವಾ?’ ಎಂದೆ.

‘ಊರೋರು ಮುಂದ ಪಂಚಾಯ್ತಿ ಮಾಡುಸ್ದೆ. ಕೈ ಮುಗ್ದೆ. ವರ್ಷಕ್ ಎಲ್ಡ್ ಮೂಟ ಈರುಳ್ಳಿ ಕೊಡ್ತಿನಿ ಅಂದೆ. ಅವನ ತಮ್ಮನ ಕೈಲೂ ಯೋಳುಸ್ದೆ. ದಾರಿ ಅದ, ಆದ್ರ ನಿಮ್ಮ ಜಮೀನ್ ಒಳ್ಗೇ ಅದ, ನನ್ನದ್ರಲ್ಲಿ ಇಲ್ಲ ಅಂತನ. ಈಗ ಓದ್ ತಿಂಗ್ಳು, ಅತ್ಗೆ, ದಾರಿ ಇಲ್ದಿರೋ ಒಲ ನಿಮ್ಗ್ಯಾಕೆ, ನನ್ಗೇ ಕೊಟ್ಬುಡಿ ಅಂದ.’

ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ದಾರಿಯಿಲ್ಲದ ಹೊಲವನ್ನು ಕೊಳ್ಳುವವನು ಪ್ರಪಂಚದಲ್ಲಿ ಒಬ್ಬನೇ, ದಾರಿ ಮುಚ್ಚಿದವನು. ಕೋಟೆಯನ್ನು ಹಿಡಿಯುವುದಕ್ಕೆ ಗೋಡೆ ಹತ್ತಬೇಕಾಗಿಲ್ಲ, ಒಳಗೆ ಹೋಗುವ ಬರುವ ದಾರಿ ಕಟ್ಟಿ ಕಾಯುತ್ತ ಕೂತರೆ ಸಾಕು ಎಂಬುದು ಹಳೆಯ ರಾಜನೀತಿಯ ಮೊದಲ ಪಾಠಗಳಲ್ಲಿ ಒಂದು. ನಾನು ಎರಡು ವರ್ಷ ಲೈಬ್ರರಿಯಲ್ಲಿ ಕೂತು ಕಲಿತದ್ದನ್ನು ಈ ಮೈದುನ ಬಾಳೆತೋಟದಲ್ಲಿ ನಿಂತೇ ಕಲಿತಿದ್ದ. ಈಕೆಯೂ ಸಾಮ, ದಾನ, ಭೇದ ಎಲ್ಲ ಮುಗಿಸಿಯೇ ದಂಡಕ್ಕೆ ಬಂದಿದ್ದರು. ನನಗೆ ಆ ಕ್ಷಣ ಖುಷಿಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಆಯಿತು. ಅದೇ ದಿನ ದಾವೆ ಬರೆಯಲು ಕೂತೆ.

ಎದುರು ಪಕ್ಷದ ವಕೀಲರು ನಮ್ಮ ಕೋರ್ಟಿನ ಹಿರಿಯರು. ಕಾಫಿ ಕೊಡಿಸುತ್ತಲೇ ಕಾಲೆಳೆಯುವ ಮನುಷ್ಯ. ‘ಮಂತ್ರಿಗಳೇ, ಈ ಸಲ ಆನೆ ಕುದುರೆ ಏನಾದರೂ ತರುತ್ತೀರೋ?’ ಎಂದು ಕೇಳಿದರು. ಅವರ ವಾದ ಸರಳವಾಗಿತ್ತು. ಗ್ರಾಮನಕ್ಷೆಯಲ್ಲಿ ಚುಕ್ಕಿಗೆರೆಯ ದಾರಿ ಇರುವುದು ನಿಜ, ಆದರೆ ಅದು ಗಡಿಕಲ್ಲುಗಳಿಂದ ಆಚೆಗೆ, ವಾದಿಯ ಜಮೀನಿನ ಕಡೆಗೆ ಇದೆ. ವಾದಿಯೇ ಅದನ್ನು ಉತ್ತುಕೊಂಡು ಈಗ ನಮ್ಮ ಕಕ್ಷಿಯ ಜಮೀನಿನಲ್ಲಿ ದಾರಿ ಕೇಳುತ್ತಿದ್ದಾರೆ. ಕೋರ್ಟು ಸರ್ವೆಯರ್ ಒಬ್ಬರನ್ನು ಕಮಿಷನರ್ ಆಗಿ ನೇಮಿಸಿ, ಸ್ಥಳಕ್ಕೆ ಹೋಗಿ ಅಳೆದು ವರದಿ ಕೊಡಲು ಹೇಳಿತು.

ಸರ್ವೆಯರ್ ಪ್ರಾಮಾಣಿಕ ಮನುಷ್ಯ. ಮೂರು ಕಾಲಿನ ಯಂತ್ರ ತಂದರು, ಬಿಸಿಲಲ್ಲಿ ನಿಂತು ಅಳೆದರು. ಆದರೆ ಅಳತೆ ಎಲ್ಲಿಂದಲಾದರೂ ಶುರುವಾಗಬೇಕಲ್ಲ. ಆ ಬದಿಯ ಹಳೆಯ ಗಡಿಕಲ್ಲುಗಳೆಲ್ಲ ಟ್ರಾಕ್ಟರಿನ ಬಾಯಿಗೆ ಹೋಗಿದ್ದವು. ಉಳಿದಿದ್ದವು ಎರಡೇ, ಆ ಎರಡನ್ನೇ ನಂಬಿ ಅವರು ಗೆರೆ ಎಳೆದರು. ವರದಿ ಬಂತು: ಬಾಳೆ ಇರುವ ಜಾಗ ಪ್ರತಿವಾದಿಯದು, ದಾರಿ ವಾದಿಯ ಹೊಲದೊಳಗೆ.

ಹೊರಗೆ ಬೇವಿನ ಮರದ ಕೆಳಗೆ ನನ್ನ ಕಕ್ಷಿಗೆ ವಿಷಯ ಹೇಳಿದೆ. ಅವರು ಅಳಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

‘ಆ ಎಲ್ಡು ಕಲ್ಲೂ ಅಲ್ಲಿರ್ನಿಲ್ಲ ಕಣವ್ವ. ಅವ ಕಿತ್ತು ಇತ್ಲಾಗ್ ನೆಟ್ಟವ್ನೆ. ಯಾವಾಗ ಅಂತ ಕಂಡಿಲ್ಲ, ಆದ್ರ ನನ್ ಕಾಲ್ಗೆ ಗೊತ್ತದ. ನಾನು ಮೂವತ್ತು ವರ್ಷ ಅದ್ರಲ್ ಒಂದ್ ಕಲ್ ಮೇಲ ಕೂತು ಕಾಲ್ ಮುಳ್ಳು ತಗ್ದಿವ್ನಿ.’

ಕಾಲಿಗೆ ಗೊತ್ತಿರುವುದನ್ನು ಕೋರ್ಟಿನ ಮುಂದೆ ಹೇಗೆ ಇಡುವುದು? ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಹೋದೆ. ಕಲ್ಲು ಕೀಳುವ ನೆರೆಯವನು ಇವತ್ತು ಹುಟ್ಟಿದವನಲ್ಲ; ಎರಡು ಸಾವಿರ ವರ್ಷದ ಹಿಂದೆಯೂ ಇದ್ದ. ಅದಕ್ಕೇ ಹಿಂದಿನವರು ಗಡಿಗೆ ಎರಡು ಗುರುತು ಇಡಬೇಕು ಎಂದಿದ್ದರು, ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ನೆಲದೊಳಗೆ ಕಾಣದಂತೆ ಹೂತದ್ದು. ಕೊಳೆಯದಂಥ ಪದಾರ್ಥ ಹೂಳಬೇಕು. ಇದ್ದಿಲು, ಬೆಣಚುಕಲ್ಲು, ಮಡಕೆಯ ಚೂರು. ಪರೀಕ್ಷೆಯಲ್ಲಿ ಇದರ ಮೇಲೆ ಒಂದು ಪ್ರಬಂಧವನ್ನೇ ಬರೆದಿದ್ದೆ. ಅದು ನಮ್ಮ ಸೀಮೆಯ ಯಾವುದೋ ಹೊಲದ ಕೆಳಗೆ ನಿಜವಾಗಿ ಇರಬಹುದು ಎಂದು ಮಾತ್ರ ಒಂದು ದಿನವೂ ಅಂದುಕೊಂಡಿರಲಿಲ್ಲ. ಪುಸ್ತಕ ಓದಿದವರು ಮಾಡುವ ತಪ್ಪು ಇದು.

ಮುಂದಿನ ಭಾನುವಾರ ಆ ಊರಿಗೆ ಹೋದೆ. ‘ನಿಮ್ಮೂರಲ್ಲಿ ಹಿಂದೆ ಗಡಿಕಲ್ಲು ನೆಡುತ್ತಿದ್ದವರು ಯಾರು?’ ಎಂದು ಕೇಳಿದೆ. ನನ್ನ ಕಕ್ಷಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ.

‘ತೋಟಿ ಮನ ತಾತ’ ಎಂದರು.

ತೋಟಿ ಎಂದರೆ ಹಿಂದೆ ಊರಿನ ಚಾಕರಿ ಮಾಡುತ್ತಿದ್ದವರು. ಕೆರೆ ನೀರು ಬಿಡುವುದು, ಡಂಗುರ ಸಾರುವುದು, ಗಡಿ ಕಾಯುವುದು ಅವರ ಕೆಲಸ. ಊರಾಚೆಯ ಬೀದಿಯ ಕೊನೆಯ ಮನೆ. ತಾತನಿಗೆ ಎಂಬತ್ತು ದಾಟಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಜಗಲಿಯ ಮೇಲೆ ಹುರಿ ಹೊಸೆಯುತ್ತ ಕೂತಿದ್ದರು. ನಾನು ಕಲ್ಲಿನ ವಿಷಯ ತೆಗೆದೆ. ಇದ್ದಿಲಿನ ಮಾತು ಎತ್ತಲಿಲ್ಲ. ಬಾಯಿ ಬಿಗಿಹಿಡಿದು ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

‘ಕಲ್ಲೇನವ್ವ, ಯಾರ್ ಬೇಕಾದ್ರೂ ಕಿತ್ತಾರು’ ಎಂದರು ತಾತ. ‘ನಮ್ಮಪ್ಪ ಕಲ್ಲು ನೆಡೋಕ್ ಮುಂಚ ಒಂದ್ ಮೊಳ ಗುಂಡಿ ತೋಡಿ, ಒಂದ್ ಮಕ್ರಿ ಇದ್ಲು ಆಕನು. ಮ್ಯಾಲ ಒಂದಷ್ಟು ಒಡ್ದ ಮಡ್ಕ ಚೂರು. ನಾನೇ ಒತ್ಕೊಂಡೋಗಿ ಕೊಟ್ಟಿವ್ನಿ. ಇದ್ಲು ಮಣ್ಣಾಗಕ್ಕಿಲ್ಲ, ಗೆದ್ಲು ತಿನ್ನಕ್ಕಿಲ್ಲ. ಕಿತ್ತೋನ್ಗ ಅದು ಗೊತ್ತಾಗಕ್ಕಿಲ್ಲ.’

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹೇಳುತ್ತಾರೆ. ನಾನು ಮೈಸೂರಿನ ಕಪಾಟುಗಳಲ್ಲಿ ಹುಡುಕಿದ್ದು ಇಲ್ಲಿ ಹುರಿ ಹೊಸೆಯುತ್ತ ಕೂತಿತ್ತು. ಅಪ್ಪ ಯಾರಿಂದ ಕಲಿತರು ಎಂದು ಕೇಳಿದೆ. ಅವರ ಅಪ್ಪನಿಂದ ಎಂದರು. ಪುಸ್ತಕ ಓದಿ ಇವರು ಕಲಿತದ್ದಲ್ಲ; ಪುಸ್ತಕ ಬರೆದವನೇ ಇಂಥ ಯಾರನ್ನೋ ಕೇಳಿ ಬರೆದುಕೊಂಡಿರಬೇಕು ಎಂದು ನನಗೆ ಆಗ ಹೊಳೆಯಿತು. ಇವತ್ತಿಗೂ ನಾನು ಹಾಗೆಯೇ ನಂಬಿದ್ದೇನೆ.

ಸರ್ವೆ ವರದಿಗೆ ತಕರಾರು ಹಾಕಿದೆ. ಜೊತೆಗೆ ತಾತನ ಪ್ರಮಾಣಪತ್ರ ಇಟ್ಟು, ಎರಡೂ ಪಕ್ಷದವರ ಎದುರಿನಲ್ಲಿ ನೆಲ ಅಗೆದು ನೋಡಲು ಕಮಿಷನರಿಗೆ ಹೇಳಬೇಕೆಂದು ಅರ್ಜಿ ಕೊಟ್ಟೆ. ಹಿರಿಯ ವಕೀಲರು ಎದ್ದು ನಿಂತು, ‘ಸ್ವಾಮಿ, ಮೇಡಂ ಅವರು ಈಗ ನಿಧಿ ತೆಗೆಯಲು ಹೊರಟಿದ್ದಾರೆ’ ಎಂದರು. ಮತ್ತೆ ನಗು. ನ್ಯಾಯಾಧೀಶರು ನನ್ನ ಕಡೆ ನೋಡಿದರು, ಎರಡು ಸಾವಿರ ವರ್ಷ ಈಗ ಶುರುವಾಗುತ್ತದೆ ಎಂದು ಅವರು ಕಾಯುತ್ತಿದ್ದದ್ದು ನನಗೆ ಗೊತ್ತಾಯಿತು. ನಾನು ಸೆಕ್ಷನ್ ಹೇಳಿದೆ, ಕಮಿಷನರಿಗೆ ಇರುವ ಅಧಿಕಾರ ಹೇಳಿದೆ, ಕಲ್ಲು ನೆಟ್ಟಾಗ ಜೊತೆಗಿದ್ದ ಮನುಷ್ಯ ಬದುಕಿದ್ದಾನೆ ಎಂದು ಹೇಳಿ ಕೂತುಬಿಟ್ಟೆ. ಮೂರು ನಿಮಿಷ ಆಗಿರಲಿಕ್ಕಿಲ್ಲ. ‘ಅಗೆದು ನೋಡಿದರೆ ಯಾರ ಗಂಟೂ ಹೋಗುವುದಿಲ್ಲವಲ್ಲ’ ಎಂದು ನ್ಯಾಯಾಧೀಶರು ಅರ್ಜಿ ಮಂಜೂರು ಮಾಡಿದರು.

ಅಗೆಯುವ ದಿನ ಊರಿಗೆ ಊರೇ ಸೇರಿತ್ತು. ಸರ್ವೆಯರ್, ಎರಡೂ ಕಡೆಯ ವಕೀಲರು, ಬಿಳಿ ಅಂಗಿ ತೊಟ್ಟ ಮೈದುನ. ಮೈದುನ ಧೈರ್ಯವಾಗಿಯೇ ಇದ್ದ. ಮೊದಲು ಈಗ ಒಂದು ಕಲ್ಲು ನಿಂತಿರುವ ಜಾಗದಲ್ಲೇ ಅಗೆಯಿರಿ ಎಂದು ನಾನು ಕೇಳಿಕೊಂಡೆ. ಕಲ್ಲನ್ನು ಪಕ್ಕಕ್ಕೆ ಇಟ್ಟು ಗುದ್ದಲಿ ಹಾಕಿದರು. ಒಂದು ಗೇಣು ಹೋಗುವಷ್ಟರಲ್ಲಿ ಕೂಲಿಯವನು ಬಗ್ಗಿ ಏನನ್ನೋ ಎತ್ತಿ ಸರ್ವೆಯರ್ ಕೈಗೆ ಕೊಟ್ಟ. ಅವರು ಮಣ್ಣು ಒರೆಸಿ ಬಿಸಿಲಿಗೆ ಹಿಡಿದು ನೋಡಿದರು. ಗುಟ್ಕಾ ಪ್ಯಾಕೆಟ್ಟು. ಅದರ ಮೇಲೆ ಈಚಿನ ವರ್ಷಗಳಲ್ಲಿ ಹಾಕುತ್ತಿರುವ ಬಾಯಿ ಹುಣ್ಣಿನ ಚಿತ್ರ ಕೂಡ ಮಾಸಿರಲಿಲ್ಲ.

ಮುದುಕನೊಬ್ಬ ಹಿಂದಿನಿಂದ, ‘ರಾಜ್ರ ಕಾಲದಲ್ಲೇ ಗುಟ್ಕಾ ಇತ್ತೇನ್ಲಾ?’ ಎಂದು ಮೆಲ್ಲಗೆ ಕೇಳಿದ. ಆಮೇಲೆ ಊರು ನಗುವುದನ್ನು ಯಾರು ತಡೆಯಬೇಕು. ಹಿರಿಯ ವಕೀಲರು ಮಾತ್ರ ತಮ್ಮ ಕಕ್ಷಿಯ ಮುಖವನ್ನೇ ನೋಡುತ್ತಿದ್ದರು. ಅವನ ತುಟಿಯ ಮೂಲೆ ಆಗಲೂ ಕೆಂಪಾಗಿಯೇ ಇತ್ತು. ಅಷ್ಟು ಭಾರದ ಗಡಿಕಲ್ಲನ್ನು ಹೊತ್ತು ತಂದು ನೆಡುವಷ್ಟು ಹುಷಾರಿದ್ದವನು ಉಗಿಯುವ ಮೊದಲು ಪ್ಯಾಕೆಟ್ಟನ್ನು ಎಲ್ಲಿ ಬಿಸಾಡಿದೆ ಎಂದು ನೋಡಿಕೊಂಡಿರಲಿಲ್ಲ.

ಇದು ಅರ್ಧ ಕೆಲಸ ಮಾತ್ರ. ಕಲ್ಲು ಇಲ್ಲಿ ಇರಲಿಲ್ಲ ಎಂದಾಯಿತು, ಎಲ್ಲಿತ್ತು ಎಂದು ಆಗಬೇಕಲ್ಲ. ಸರ್ವೆಯರ್ ತಾತನನ್ನು ಕರೆದರು. ತಾತ ಚಪ್ಪಲಿ ಬಿಟ್ಟರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಟವೆಲಿನ ಮೂಲೆಯಲ್ಲಿಟ್ಟು, ಅದನ್ನು ತಲೆಯ ಮೇಲೆ ಇಟ್ಟುಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ. ಗಡಿ ತೋರಿಸುವವನು ಮಣ್ಣು ಹೊತ್ತೇ ನಡೆಯಬೇಕು, ಸುಳ್ಳು ಗಡಿ ತುಳಿದರೆ ಆ ಮಣ್ಣೇ ಅವನನ್ನು ಮುಚ್ಚುತ್ತದೆ ಎಂಬುದು ಅವರ ಮನೆತನದ ನಡಾವಳಿ. ಇದನ್ನೂ ನಾನು ಓದಿದ್ದೆ, ಒಂದು ಅಂಕದ ಪ್ರಶ್ನೆಯಾಗಿ. ನನ್ನ ಕಣ್ಣು ತುಂಬಿ ಬಂದು ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ.

ತಾತ ದೂರದ ಹುಣಸೆ ಮರವನ್ನು ನೋಡಿದರು, ಅದರ ಹಿಂದಿನ ಬೆಟ್ಟದ ತುದಿಯನ್ನು ನೋಡಿದರು, ಎರಡೂ ಒಂದೇ ಗೆರೆಗೆ ಬರುವವರೆಗೆ ನಡೆದು ಬಾಳೆಯ ಸಾಲಿನ ನಡುವೆ ನಿಂತು ಕಾಲಿನಿಂದ ನೆಲ ಒತ್ತಿದರು. ‘ಇಲ್ಲಿ ತೋಡಿ’ ಎಂದರು. ಮೊದಲು ಏನೂ ಬರಲಿಲ್ಲ. ಒಂದು ಗೇಣು, ಇನ್ನೊಂದು ಗೇಣು, ಬರೀ ಕೆಮ್ಮಣ್ಣು. ಮೈದುನ ಕೆಮ್ಮಿದ. ನನ್ನ ಕಕ್ಷಿ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. ಒಂದು ಮೊಳ ಆಗುವ ಹೊತ್ತಿಗೆ ಗುದ್ದಲಿಗೆ ಕರಕರ ಸದ್ದು ಬಂತು. ಮಡಕೆಯ ಚೂರು. ಅದರ ಕೆಳಗೆ, ಕೆಂಪು ಮಣ್ಣಿನ ನಡುವೆ ಒಂದು ಮಕ್ಕರಿಯಷ್ಟು ಅಗಲಕ್ಕೆ ಕಪ್ಪು. ಸರ್ವೆಯರ್ ಮಂಡಿಯೂರಿ ಕೈಯಿಂದಲೇ ತೆಗೆದರು. ಇದ್ದಿಲು ಅಂಗೈಯಲ್ಲಿ ಇನ್ನೂ ಗಟ್ಟಿಯಾಗಿಯೇ ಇತ್ತು. ಎರಡನೆಯ ಕಲ್ಲಿನದೆಂದು ತಾತ ತೋರಿಸಿದ ಜಾಗದಲ್ಲೂ ಅದೇ ಆಳಕ್ಕೆ ಅದೇ ಸಿಕ್ಕಿತು.

ನಾನು ಕುಣಿಯಲಿಲ್ಲ ಅಷ್ಟೇ. ಮಹಜರಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದೆ.

ಕೋರ್ಟಿನಲ್ಲಿ ತಾತನ ಪಾಟೀ ಸವಾಲು ಇನ್ನೂ ಬಾಕಿ ಇತ್ತು. ಗುಂಡ್ಲುಪೇಟೆಗೆ ಅವರು ಬಂದದ್ದು ನನ್ನ ಕಕ್ಷಿಯ ಗಂಡನ ಬಸ್ಸಿನಲ್ಲೇ. ಕಟಕಟೆ ಹತ್ತಿದ ಕೂಡಲೇ ಕೈ ಮುಗಿದು, ‘ಬುದ್ಧೀ’ ಎಂದರು. ನಮ್ಮ ಕಡೆ ಊರಾಚೆಯ ಬೀದಿಯವರು ಮೇಲಿನವರನ್ನು ತಲೆತಲಾಂತರದಿಂದ ಕರೆಯುತ್ತಿದ್ದ ಮಾತು ಅದು. ನ್ಯಾಯಾಧೀಶರು, ‘ಹಾಗೆ ಕರೀಬೇಡಿ ಯಜಮಾನ್ರೆ, ಸಾರ್ ಅನ್ನಿ ಸಾಕು’ ಎಂದರು. ನಡುಗುವ ಕಾಲು ನೋಡಿ ಕುರ್ಚಿ ಹಾಕಿಸಿದರು. ತಾತ ಕುರ್ಚಿಯ ತುದಿಯಲ್ಲಿ ಕೂತರು.

ಹಿರಿಯ ವಕೀಲರು ಕೇಳಿದರು, ‘ನಿಮಗೆ ಓದು ಬರಹ ಬರುತ್ತಾ?’

‘ಇಲ್ಲ ಸಾರ್.’

‘ಹಾಗಾದರೆ ಅದು ಯಾವ ಸರ್ವೆ ನಂಬರು ಅಂತ ನಿಮಗೆ ಗೊತ್ತಿಲ್ಲ.’

‘ನಂಬ್ರು ಗೊತ್ತಿಲ್ಲ ಸಾರ್. ಕಲ್ಲು ಗೊತ್ತದ.’

‘ಸಾಕ್ಷಿ ಹೇಳಿ ಅಂತ ಆಯಮ್ಮ ನಿಮಗೆ ಏನು ಕೊಟ್ಟರು?’

ತಾತ ಸ್ವಲ್ಪ ಯೋಚಿಸಿದರು. ‘ಕಾಪಿ ಕೊಟ್ರು. ಅದ್ರ ಇಂದಿನ್ ದಿನ ಬೇಲಿ ಆಕ್ದೋರೂ ಮನೆತಕ್ಕೆ ಬಂದು ಬಾಳಗೊನ ಕೊಟ್ರು, ನೀನು ಓಗ್ಬ್ಯಾಡ ಅಂತ. ಎಲ್ಡೂ ತಕಂಡೆ. ಬ್ಯಾಡ ಅಂದ್ರ ಬೇಜಾರ್ ಮಾಡ್ಕತರೆ.’

ಹಾಲ್ ನಕ್ಕಿತು, ಈ ಸಲ ನನ್ನನ್ನು ನೋಡಿ ಅಲ್ಲ. ನಾನು ಮಾತ್ರ ನಗಲಾರದೆ ಕೂತಿದ್ದೆ. ಹಿಂದಿನವರ ರಾಜನೀತಿಯನ್ನು ನಾನು ಅಷ್ಟು ವರ್ಷ ಹೊಗಳಿಕೊಂಡು ತಿರುಗಿದವಳು. ಅದೇ ಹಳೆಯ ಕಟ್ಟಳೆಗಳಲ್ಲಿ ಯಾರ ಮಾತು ಸಾಕ್ಷಿಯಾಗಬಹುದು, ಯಾರದು ಆಗಬಾರದು ಎಂದು ಹುಟ್ಟು ನೋಡಿ ಬರೆದ ಪಟ್ಟಿಯೂ ಇತ್ತು. ಒಂದೇ ತಪ್ಪಿಗೆ ಒಬ್ಬನಿಗೆ ದಂಡ, ಇನ್ನೊಬ್ಬನಿಗೆ ಕೈ ಕತ್ತರಿಸುವುದು. ಪರೀಕ್ಷೆಗೆ ಅದನ್ನು ನಾನು ಹಾರಿಸಿ ಓದಿದ್ದೆ. ತಾತನಂಥವರ ವಿದ್ಯೆಯನ್ನು ತೆಗೆದುಕೊಂಡ ಆ ಕಾಲ ಇವರ ಮಾತನ್ನು ಬಾಗಿಲಾಚೆ ನಿಲ್ಲಿಸಿತ್ತು. ಒಳಗೆ ಕರೆದು ಕುರ್ಚಿ ಹಾಕಿದ್ದು ನಾವು ನಮಗೇ ಬರೆದುಕೊಂಡ ಹೊಸ ಕಾನೂನು. ಟೈಪಿಸ್ಟ್ ಟಕಟಕ ಎಂದು ತಾತನ ಮಾತನ್ನು ಅಕ್ಷರ ಬಿಡದೆ ಇಳಿಸಿಕೊಳ್ಳುತ್ತಿದ್ದಳು. ಆ ಸದ್ದು ಕೇಳುತ್ತ, ವಕೀಲಿ ಹಿಡಿದದ್ದಕ್ಕೆ ನನಗೆ ಮೊದಲ ಬಾರಿ ಹೆಮ್ಮೆಯಾಯಿತು.

ತೀರ್ಪು ನಮ್ಮ ಕಡೆ ಆಯಿತು. ಇದ್ದಿಲು ಸಿಕ್ಕ ಜಾಗಕ್ಕೇ ಕಲ್ಲು ವಾಪಸು ಹೋಗಬೇಕು, ಒಂದು ತಿಂಗಳಲ್ಲಿ ಪ್ರತಿವಾದಿ ಬೇಲಿ ಬಾಳೆ ತೆಗೆದು ಬಂಡಿದಾರಿ ಬಿಡಬೇಕು. ತೀರ್ಪಿನ ಒಂದು ಪುಟದಲ್ಲಿ ನ್ಯಾಯಾಧೀಶರು, ಗಡಿಗೆ ಕಾಣುವ ಗುರುತಿನ ಜೊತೆ ಕಾಣದ ಗುರುತನ್ನೂ ಇಡುವುದು ಈ ನಾಡಿನ ಬಹು ಹಳೆಯ ಪದ್ಧತಿ ಎಂದು ತಾವಾಗಿಯೇ ಬರೆದಿದ್ದರು. ನಾನು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಿರಿಯ ವಕೀಲರು ಆ ಪುಟವನ್ನು ಎರಡು ಸಲ ಓದಿ, ನನ್ನ ಮುಂದೆ ಕಾಫಿ ಲೋಟ ಇಟ್ಟು, ‘ಆ ಪುಸ್ತಕ ನನಗೂ ಒಂದು ವಾರ ಕೊಡಮ್ಮ’ ಎಂದರು. ಕೋರ್ಟಿನ ಮೆಟ್ಟಿಲು ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಆ ದಿನ ಆ ಮೆಟ್ಟಿಲುಗಳನ್ನು ಇಳಿಯುವಾಗ ನನಗೆ ಹಾಗೇನೂ ಅನ್ನಿಸಲಿಲ್ಲ. ಗೆದ್ದಿದ್ದೆ, ಗೆದ್ದವಳ ಹಾಗೆಯೇ ಇಳಿದೆ.

ಗೆದ್ದ ಅಮಲಿನಲ್ಲಿ ಇನ್ನೊಂದು ಅರ್ಜಿಯನ್ನೂ ಬರೆದಿಟ್ಟೆ. ಗಡಿಕಲ್ಲು ಕೀಳುವುದು ಅಪರಾಧ. ಮೈದುನನ ಮೇಲೆ ಪೊಲೀಸ್ ದೂರು ಕೊಟ್ಟರೆ ಅವನು ವರ್ಷಗಟ್ಟಲೆ ಓಡಾಡಬೇಕು. ನನ್ನ ಕಕ್ಷಿ ಅರ್ಜಿಯನ್ನು ಕೈಗೆ ತೆಗೆದುಕೊಂಡು, ಸಹಿ ಮಾಡುವ ಜಾಗವನ್ನು ನೋಡಿ, ವಾಪಸು ಕೊಟ್ಟರು.

‘ದಾರಿ ಕೇಳ್ದೆ, ದಾರಿ ಸಿಕ್ತು. ಅವ್ನು ಜೈಲ್ಗ ಓದ್ರ ನಂಗೇನ್ ಬಂತವ್ವ? ಬೆಳ್ಗಾದ್ರ ಅವನ್ ಮುಖ ನೋಡ್ಬೇಕು.’

ಅಷ್ಟಕ್ಕೇ ನಿಲ್ಲಲಿಲ್ಲ. ದಾರಿಯ ಮೇಲಿನ ಬಾಳೆ ಗೊನೆ ಹಾಕಿತ್ತು, ಬಲಿಯಲು ಇನ್ನೂ ಎರಡು ತಿಂಗಳು ಬೇಕಿತ್ತು. ಕೋರ್ಟು ಕೊಟ್ಟ ಗಡುವು ಒಂದೇ ತಿಂಗಳು. ಮೈದುನ ಬಂದು ಬಾಗಿಲಲ್ಲಿ ನಿಂತನಂತೆ, ಏನೂ ಕೇಳದೆ. ಇವರೇ, ‘ಗೊನ ಏನ್ ಮಾಡ್ತು, ಬಲೀಲಿ ಬುಡು’ ಎಂದರಂತೆ. ಅಂದರೆ ಗೆದ್ದ ಮೇಲೂ ಒಂದು ತಿಂಗಳು ಹೆಚ್ಚಿಗೆ ಈಕೆ ತಲೆಯ ಮೇಲೆ ಮೂಟೆ ಹೊತ್ತರು. ನಾನು ಫೋನಿನಲ್ಲಿ ಕೂಗಾಡಿದೆ. ನಿಮಗೆ ಬುದ್ಧಿ ಇದೆಯಾ ಎಂದೂ ಕೇಳಿದೆ. ಸೋತವನ ಮರ್ಯಾದೆ ಉಳಿಸಿದವನೇ ಗೆದ್ದದ್ದನ್ನು ಉಳಿಸಿಕೊಳ್ಳುತ್ತಾನೆ ಎಂದು ನಾನು ಓದಿದ್ದು ಆ ಹೊತ್ತಿಗೆ ನೆನಪಾಗಲೇ ಇಲ್ಲ. ಫೋನು ಇಟ್ಟು ಅನ್ನಕ್ಕೆ ಕೂತಾಗ ನೆನಪಾಯಿತು.

ದಾರಿ ಬಿಟ್ಟ ದಿನ ಬೆಳಗಿನ ಮೊದಲ ಬಸ್ಸಿಗೇ ಹೋದೆ. ಮೈದುನ ತಾನೇ ನಿಂತು ಕೊನೆಯ ಬುಡ ಅಗೆದು ತೆಗೆದಿದ್ದ. ಕಡಿದ ಗೊನೆಗಳು ಬದಿಯಲ್ಲಿ ಸಾಲಾಗಿದ್ದವು. ಹೊಲದಲ್ಲಿ ಹೂವು ಕಿತ್ತು ಮೂಟೆ ಕಟ್ಟಿ ಆಗಿತ್ತು. ರಸ್ತೆಯಲ್ಲಿ ಟೆಂಪೋ ಬಂದು ನಿಂತಿತು. ನನ್ನ ಕಕ್ಷಿ ತಾತನನ್ನು ಡ್ರೈವರ್ ಪಕ್ಕದ ಸೀಟಿಗೆ ಹತ್ತಿಸಿದರು. ತಾವು ಹಿಂದೆ ಹತ್ತಿ ನಿಂತು ತಡಿಕೆ ಹಿಡಿದುಕೊಂಡರು. ಖಾಲಿ ಟೆಂಪೋ ಕುಲುಕುತ್ತ, ಎರಡು ಫರ್ಲಾಂಗು ಬಂದು ಹೂವಿನ ಮೂಟೆಗಳ ಪಕ್ಕ ನಿಂತಿತು. ಕೂಲಿ ಹೆಂಗಸರು ಮೂಟೆ ಎತ್ತಲು ಬಗ್ಗಿದರು.

‘ಇರ್ರವ್ವ’ ಎಂದರು ಅವರು. ಡ್ರೈವರ್‌ಗೆ, ‘ರಸ್ತೆ ಗಂಟ ಓಗ್ಬುಟ್ಟು ಬಾ’ ಎಂದರು.

‘ಲೋಡ್ ಮಾಡ್ದೇನಾ?’

‘ಊಂ. ಸುಮ್ನ.’

ಟೆಂಪೋ ಖಾಲಿಯಾಗಿಯೇ ರಸ್ತೆಯವರೆಗೆ ಹೋಗಿ ತಿರುಗಿ ಬಂತು. ಅವರು ಹಿಂದೆ ನಿಂತೇ ಇದ್ದರು, ಸೆರಗು ಗಾಳಿಗೆ ಹಾರುತ್ತಿತ್ತು. ಬಂದು ನಿಂತ ಮೇಲೆ ಇನ್ನೊಂದು ಸಲ ಹೋಗು ಎಂದರು. ಮೈದುನ ಗೊನೆಗಳ ಪಕ್ಕ ಗುದ್ದಲಿ ಹಿಡಿದು ನಿಂತು ನೋಡುತ್ತಿದ್ದ. ‘ಗೊನ ಎಲ್ಲ ಜೋಡ್ಸಿಟ್ಕಳ್ಳಪ್ಪ, ಊವಿನ್ ಜೊತ್ಗೆ ಓಗ್ಲಿ’ ಎಂದು ಅವನಿಗೂ ಕೂಗಿ ಹೇಳಿದರು. ಡ್ರೈವರ್ ಗೇರ್ ಹಾಕುತ್ತ, ಡೀಸೆಲ್ ದಂಡವಾಗಿ ಸುಡುತ್ತದೆ ಎಂದು ಗೊಣಗಿದ.

‘ಸುಡ್ಲಿ ಬುಡು’ ಎಂದರು ಅವರು. ‘ನಡಿ.’